ಬಾಸ್ ಬಿಡಿ, ನಿಮ್ಮ ಕೆರೆಯ ಕೊರಮೀನನ್ನು ನೋಡಿ

ಗಾಳದ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಥರದವು. ಅಮೆರಿಕದ ಬಾಸ್ ಮೀನಿನ ವಿಡಿಯೋ ನೋಡಿರುತ್ತಾರೆ. ರಾಡು, ರೀಲು ತರಿಸಿರುತ್ತಾರೆ. ಕಾಫಿ ತೋಟದ ಕೆರೆ ದಡದಲ್ಲಿ ನಿಂತು ಎಸೆದೂ ಎಸೆದೂ ಕೈ ಸೋತಿರುತ್ತದೆ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಇಲ್ಲಿ ಒಂದೇ ಸಲ ಹೇಳಿಬಿಡುತ್ತೇನೆ. ಗಂಟು ಹಾಕುವುದು, ರೀಲಿಗೆ ದಾರ ಸುತ್ತುವುದು ಅಂಗಡಿಯವರೇ ತೋರಿಸಿಕೊಡುತ್ತಾರೆ. ಅದನ್ನು ನನ್ನ ಹತ್ತಿರ ಕೇಳಬೇಡಿ.

ಪ್ರಶ್ನೆ: ನಮ್ಮ ತೋಟದ ಕೆರೆ ಮುಕ್ಕಾಲು ಎಕರೆ ಇದೆ. ಕೊರಮೀನು ಇರುವುದನ್ನು ಕಣ್ಣಾರೆ ನೋಡಿದ್ದೇನೆ. ಬಾಸ್ ಹಿಡಿಯುವ ರಾಡು, ಹತ್ತಾರು ಬಣ್ಣದ ಲೂರ್ (ನಕಲಿ ಎರೆ) ತರಿಸಿದೆ. ನಡುಕೆರೆಗೆ ಚೆನ್ನಾಗಿ ಎಸೆಯುತ್ತೇನೆ, ಒಂದೂ ಕಚ್ಚುವುದಿಲ್ಲ. ಇನ್ನು ಯಾವ ಬಣ್ಣದ್ದು ತರಿಸಲಿ? (ಸುಂಟಿಕೊಪ್ಪ)

ಯಾವ ಬಣ್ಣದ್ದೂ ಬೇಡ. ಮೊದಲು ನಡುಕೆರೆಗೆ ಎಸೆಯುವುದನ್ನು ನಿಲ್ಲಿಸಿ.

ಕೊರಮೀನು ಹೊಂಚು ಹಾಕಿ ಹಿಡಿಯುವ ಜಾತಿ. ಜೊಂಡಿನ ಬುಡ, ನೀರಿಗೆ ಬಾಗಿದ ಕೊಂಬೆಯ ನೆರಳು, ದಡದಿಂದ ಎರಡು ಮೂರು ಅಡಿಯೊಳಗಿನ ಕಳೆ, ಇವೇ ಅದರ ಜಾಗ. ನೀವು ಬೂಟು ಕಾಲಲ್ಲಿ ಧಡಧಡ ನಡೆದು ಬಂದು ನೀರಿನ ಅಂಚಿಗೆ ನಿಂತಾಗಲೇ ಅದು ಜಾಗ ಖಾಲಿ ಮಾಡಿರುತ್ತದೆ. ನೆಲದ ಅದುರು ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ದಡದಿಂದ ಹತ್ತು ಅಡಿ ಹಿಂದೆಯೇ ನಿಲ್ಲಿ. ನಿಮ್ಮ ನೆರಳು ನೀರಿಗೆ ಬೀಳದ ಹಾಗೆ ನೋಡಿಕೊಳ್ಳಿ. ಕೆರೆಯ ಒಳಗೆ ಎಸೆಯುವ ಬದಲು ದಡದ ಗುಂಟ ಎಸೆಯಿರಿ.

ಅದಕ್ಕೂ ಮೊದಲು ಸುಮ್ನೆ ಕೂತು ನೋಡಿ. ಕೊರಮೀನಿಗೆ ಕಿವಿರು ಮಾತ್ರ ಸಾಲದು, ಗಾಳಿ ಕುಡಿಯಲು ಅದು ಮೇಲೆ ಬರಲೇಬೇಕು. ನೀರಿನೊಳಗೇ ತಡೆದಿಟ್ಟರೆ ಉಸಿರುಕಟ್ಟಿ ಸಾಯುತ್ತದೆ. ಕಳೆಯ ಸಂದಿಯಲ್ಲಿ ಗುಳುಕ್ ಅಂತ ಸಣ್ಣ ಸದ್ದು, ಅದರ ಬೆನ್ನಿಗೆ ಒಂದು ಉಂಗುರ ಅಲೆ. ಅಲ್ಲಿದೆ ಮೀನು. ಆ ಜಾಗ ಗುರುತಿಟ್ಟುಕೊಳ್ಳಿ.

ಲೂರ್ ಒಂದೇ ಸಾಕು, ಟೊಳ್ಳು ರಬ್ಬರ್ ಕಪ್ಪೆ. ಅದರ ಗಾಳದ ಮುಳ್ಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ದಾರ ಬ್ರೇಡ್ (ಹೆಣೆದ ದಾರ) ಇರಲಿ, 30 ಪೌಂಡ್ ಭಾರ ತಡೆಯುವುದಕ್ಕಿಂತ ಕಡಿಮೆಯದು ಬೇಡ. ಕಚ್ಚಿದ ಕೂಡಲೇ ಅದು ಜೊಂಡಿನೊಳಗೆ ನುಗ್ಗುತ್ತದೆ, ಸಣ್ಣ ದಾರ ಹರಿದು ಬಾಯಲ್ಲಿ ಮುಳ್ಳು ಹೊತ್ತುಕೊಂಡೇ ಹೋಗುತ್ತದೆ. ಕಪ್ಪೆಯನ್ನು ಗುರುತಿಟ್ಟ ಜಾಗದಿಂದ ಆಚೆ ಬೀಳಿಸಿ. ಮೆಲ್ಲಗೆ ಕುಣಿಸುತ್ತಾ ತನ್ನಿ. ಕಳೆಯ ನಡುವೆ ಬಯಲು ಸಿಕ್ಕಲ್ಲಿ ನಿಲ್ಲಿಸಿ. ನೀರು ಭುಸ್ಸೆಂದು ಸಿಡಿಯುತ್ತದೆ. ಎಲ್ಲರೂ ಕೆಡಿಸುವುದು ಇಲ್ಲೇ. ಗಾಬರಿಯಲ್ಲಿ ಜಗ್ಗಿದರೆ ಕಪ್ಪೆ ಹಾರಿ ನಿಮ್ಮ ಮುಖಕ್ಕೇ ಬರುತ್ತದೆ. ದಾರ ಬಿಗಿಯಾಗಿ ಕೈಗೆ ಭಾರ ಸಿಗುವವರೆಗೆ ತಡೆಯಿರಿ. ಆಮೇಲೆ ಜೋರಾಗಿ ಎಳೆಯಿರಿ. ಬಾಸ್ ವಿಡಿಯೋಗಳಿಂದ ನಮಗೆ ಬೇಕಾದ ಪಾಠ ಇದೊಂದೇ. ಅಲ್ಲೂ ಕಪ್ಪೆ ಹಾಕುವವರು ಹೀಗೇ ತಡೆಯುತ್ತಾರೆ. ಕೊರಮೀನಿನ ಬಾಯಲ್ಲಿ ಚೂಪು ಹಲ್ಲಿದೆ, ಮುಳ್ಳು ತೆಗೆಯಲು ಬೆರಳು ಹಾಕಬೇಡಿ, ಇಕ್ಕಳ ಇಟ್ಟುಕೊಳ್ಳಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ಕೆಲವೊಮ್ಮೆ ನೀರಿನ ಮೇಲೆ ಮೊರದಗಲ ಜಾಗದಲ್ಲಿ ಸಣ್ಣ ತುಂತುರು ಬಿದ್ದ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಕೆಂಪು ಕಿತ್ತಳೆ ಬಣ್ಣದ ನೂರಾರು ಮರಿಗಳು, ಎಲ್ಲಾ ಒಟ್ಟಿಗೆ ಮೇಲೆ ಬಂದು ಗಾಳಿ ಕುಡಿದು ಕೆಳಗಿಳಿಯುತ್ತಿರುತ್ತವೆ. ಅವುಗಳ ಅಡಿಯಲ್ಲೇ ತಾಯಿ ತಂದೆ ಕಾವಲಿರುತ್ತವೆ. ಆ ಹೊತ್ತಿನಲ್ಲಿ ಅಲ್ಲಿ ಏನು ಎಸೆದರೂ ಅವು ಹೊಡೆಯುತ್ತವೆ. ಅದು ಹಸಿವಲ್ಲ, ಮರಿ ಉಳಿಸಿಕೊಳ್ಳುವ ಸಿಟ್ಟು. ಇದನ್ನೇ ದೊಡ್ಡ ಉಪಾಯ ಅಂತ ಹೇಳಿಕೊಡುವವರಿದ್ದಾರೆ. ನನಗೆ ಮೈ ಉರಿಯುತ್ತದೆ. ಕಾವಲಿನ ಮೀನನ್ನು ಎತ್ತಿದರೆ ಜಿಲೇಬಿ ಮೀನು, ಮಿಂಚುಳ್ಳಿ, ನೀರುಕಾಗೆ ಸೇರಿ ಮರಿಗಳನ್ನು ಮುಗಿಸುತ್ತವೆ. ಒಂದು ಮೀನಿನ ಸಾರಿಗೆ ಒಂದಿಡೀ ಸಂಸಾರ ಹೋಗುತ್ತದೆ. ಅಮೆರಿಕದ ಉತ್ತರದ ಕೆಲವು ರಾಜ್ಯಗಳಲ್ಲಿ ಗಂಡು ಬಾಸ್ ಗೂಡು ಕಾಯುವ ಕಾಲದಲ್ಲಿ ಅದನ್ನು ಹಿಡಿದು ಇಟ್ಟುಕೊಳ್ಳುವಂತಿಲ್ಲ. ವಿಡಿಯೋ ಮಾಡುವವರು ಇದನ್ನು ಹೇಳುವುದು ಕಡಿಮೆ. ಮರಿ ಕಂಡರೆ ರಾಡು ಮಡಚಿ. ಮರಿಗಳು ಬೆರಳುದ್ದವಾಗಿ ಚದುರುವವರೆಗೆ ಆ ಮೂಲೆಗೆ ಹೋಗಬೇಡಿ.

ಇನ್ನೊಂದು ಕಾಲವನ್ನೂ ಬಿಟ್ಟುಬಿಡಿ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಕೆರೆಗೆ ಪಂಪು ಇಡುತ್ತೀರಿ. ನೀರು ತಳ ಕಾಣುತ್ತದೆ, ಇದ್ದಬದ್ದ ಮೀನೆಲ್ಲ ಒಂದು ಗುಂಡಿಗೆ ಬಂದು ಸೇರುತ್ತದೆ. ಆಗ ಹಿಡಿಯುವುದಕ್ಕೆ ಜಾಣತನವೇನೂ ಬೇಕಿಲ್ಲ. ಆಗ ಬಳಿದುಬಿಟ್ಟರೆ ಮಳೆ ಬಂದು ಕೆರೆ ತುಂಬಿದಾಗ ಮೊಟ್ಟೆ ಇಡಲು ಯಾವುದೂ ಉಳಿದಿರುವುದಿಲ್ಲ, ಅಲ್ವಾ? ಏಪ್ರಿಲ್ ಮಳೆ ಎರಡು ಸಲ ಚೆನ್ನಾಗಿ ಬೀಳಲಿ, ಆಮೇಲೆ ಹೋಗಿ.

ಹೊತ್ತಿನ ಮಾತು. ವಿಡಿಯೋದಲ್ಲಿ ಮುಸ್ಸಂಜೆಯೇ ಒಳ್ಳೆಯದು ಅನ್ನುತ್ತಾರೆ. ನಮ್ಮಲ್ಲಿ ಬೇಡ. ಹಗಲೆಲ್ಲ ಕಾಫಿ ಗಿಡಗಳ ನಡುವೆ ಸದ್ದಿಲ್ಲದೆ ನಿಂತ ಆನೆ, ಸಂಜೆ ನೀರು ಕುಡಿಯಲು ಬರುವುದು ಇದೇ ಕೆರೆಗೆ. ಸಿದ್ದಾಪುರ, ನೆಲ್ಯಹುದಿಕೇರಿ, ಮಾಲ್ದಾರೆ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕೊರಮೀನು ಬಿಸಿಲು ಏರಿದ ಮೇಲೂ ಕಚ್ಚುತ್ತದೆ. ಬೆಳಿಗ್ಗೆ ಒಂಬತ್ತರ ಮೇಲೆ ಹೋಗಿ, ತೋಟದಲ್ಲಿ ಕೆಲಸದವರಿರುವಾಗಲೇ ಹೋಗಿ, ಒಬ್ಬರೇ ಹೋಗಬೇಡಿ. ಜೆಸಿಬಿಯಲ್ಲಿ ತೆಗೆದ ಕೆರೆಗೆ ಇಳಿಜಾರೇ ಇರುವುದಿಲ್ಲ, ಜಾರಿದರೆ ಆಳಕ್ಕೇ ಹೋಗುವುದು. ಮೇಲೆ ಕರೆಂಟಿನ ತಂತಿ ಹಾದಿದ್ದರೆ ಅಲ್ಲಿ ರಾಡು ಎತ್ತಲೇಬೇಡಿ, ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ.

ಪ್ರಶ್ನೆ: ಬಾಸ್ ಮರಿ ತರಿಸಿ ನಮ್ಮ ಕೆರೆಗೆ ಬಿಡಬಹುದಾ? (ಗೋಣಿಕೊಪ್ಪ)

ಬೇಡ. ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುವ ಉತ್ತರ ಅಮೆರಿಕದ ಮೀನು ಅದು. ಜಪಾನಿನಲ್ಲಿ ಅದು ಸ್ಥಳೀಯ ಮೀನುಗಳನ್ನು ತಿಂದು, 2005ರಿಂದ ಜೀವಂತ ಸಾಕುವುದು, ಸಾಗಿಸುವುದಕ್ಕೇ ಅಲ್ಲಿ ಕಾನೂನಿನ ತಡೆ ಬಂತು. ನಿಮ್ಮ ಕೆರೆ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ. ಕೋಡಿ ನೀರು ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ಕಾವೇರಿಯ ಡುಬ್ಬದ ಮಹಶೀರ್ ಮೀನು ಈ ನದಿ ಬಯಲು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದ್ದಾರೆ. ಅದರ ಮರಿಗಳ ಮೇಲೆ ಇನ್ನೊಂದು ಹೊಟ್ಟೆಬಾಕನನ್ನು ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್‌ಗೂ ಇದೇ ಉತ್ತರ, ಅದರ ಸಾಕಣೆ ನಮ್ಮ ದೇಶದಲ್ಲೇ ನಿಷೇಧ.

ಪ್ರಶ್ನೆ: ಹಿಟ್ಟಿಗೆ ಬೆರೆಸುವ ಎಸೆನ್ಸ್ ಎರಡು ಹನಿ ಹಾಕಿದರೆ ಯಾವ ಮೀನೂ ತಪ್ಪಿಸಿಕೊಳ್ಳುವುದಿಲ್ಲ ಅಂತ ಮಾರುತ್ತಿದ್ದಾರೆ. ನಿಜವಾ? (ಕುಶಾಲನಗರ)

ಸುಳ್ಳು. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಅಮಾವಾಸ್ಯೆ ದಿನ ಮೀನು ಕಚ್ಚುವುದಿಲ್ಲವಂತೆ? (ಮೂರ್ನಾಡು)

ಕಚ್ಚುತ್ತದೆ.

ಪ್ರಶ್ನೆ: ಮಗನಿಗೆ ಉಬ್ಬಸ. ಕೊರಮೀನಿನ ಮರಿಯ ಬಾಯಲ್ಲಿ ಮದ್ದಿಟ್ಟು ಜೀವಂತ ನುಂಗಿಸಿದರೆ ವಾಸಿ ಅಂತ ಒಬ್ಬರು ಹೇಳಿದರು. ಮರಿ ಎಲ್ಲಿ ಸಿಗುತ್ತದೆ? (ಸೋಮವಾರಪೇಟೆ)

ಹೈದರಾಬಾದಿನಲ್ಲಿ ಮೃಗಶಿರಾ ಮಳೆಯ ಹೊತ್ತಿಗೆ ಹೀಗೆ ಮಾಡುತ್ತಾರೆ, ಜನ ಸಾಲುಗಟ್ಟಿ ನಿಲ್ಲುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆ ಅನ್ನುವುದಕ್ಕೆ ವಿಜ್ಞಾನದ ಪುರಾವೆ ಇಲ್ಲ. ಮರಿ ಎಲ್ಲಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಮಗುವಿನ ಗಂಟಲಿಗೆ ಒದ್ದಾಡುವ ಮೀನು ತುರುಕಿ, ಅದು ಸಿಕ್ಕಿಕೊಂಡರೆ ಹೇಳಿಕೊಟ್ಟವರು ಬರುತ್ತಾರಾ? ಡಾಕ್ಟರ್ ಹತ್ತಿರ ಹೋಗಿ. ಇನ್‌ಹೇಲರ್ ಬರೆದುಕೊಟ್ಟಿದ್ದರೆ ಅದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಹೊಳೆಯ ಗುಂಡಿಯಲ್ಲಿ ಮೀನಿಗೆ ತೋಟೆ (ಸಿಡಿಮದ್ದು) ಹಾಕುವುದು ಅಪರಾಧವಾ? (ಹೆಸರು, ಊರು ಬರೆದಿಲ್ಲ)

ಹೌದು. 1897ರ ಮೀನುಗಾರಿಕೆ ಕಾಯ್ದೆಯಿಂದಲೇ ತೋಟೆ, ವಿಷ ಎರಡೂ ಅಪರಾಧ.

ಪ್ರಶ್ನೆ: ಮಳೆಗೆ ಮುಂಚೆ ಕಾಫಿಗೆ ಬೋರ್ಡೋ ಹೊಡೆದೆವು. ಎರಡು ದಿನದಲ್ಲಿ ಕೆರೆಯ ಮೀನು ತೇಲಿತು. ಯಾರೋ ವಿಷ ಹಾಕಿರಬಹುದಾ? (ಮಾದಾಪುರ)

ಬೇರೆಯವರನ್ನು ಅನುಮಾನಿಸುವ ಮೊದಲು ಡ್ರಮ್ಮು, ಪೈಪು ಎಲ್ಲಿ ತೊಳೆದಿರಿ ಅಂತ ಕೇಳಿ ನೋಡಿ. ಬೋರ್ಡೋದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಮೀನಿನ ಕಿವಿರಿಗೆ ಅದು ವಿಷ. ನಮ್ಮ ಕಡೆಯ ನೀರು ಮೆದು, ಸುಣ್ಣದ ಅಂಶ ಕಡಿಮೆ. ಇಂಥ ನೀರಿನಲ್ಲಿ ತಾಮ್ರದ ಹೊಡೆತ ಇನ್ನೂ ಜಾಸ್ತಿ. ಡ್ರಮ್ಮನ್ನು ಕೆರೆಯಿಂದ ದೂರ, ನೀರು ಹರಿದು ವಾಪಸ್ ಬಾರದ ಕಡೆ ತೊಳೆಸಿ. ತೇಲಿದ ಮೀನನ್ನು ತಿನ್ನಬೇಡಿ, ಲೈನುಮನೆಯ ಕೆಲಸದವರಿಗೆ ಹಂಚಲೂ ಬೇಡಿ. ಕೆರೆಯಿಂದ ಆಚೆ ಗುಂಡಿ ತೆಗೆದು ಹೂಳಿಸಿ.