ಜರ್ಮನಿಗೆ ಹೋಗುವ ಎಂಜಿನಿಯರ್‌ಗೆ ಯಾವ ಊರು ಒಳ್ಳೆಯದು?

ನೀವು ಕೇಳಿದ್ದು ಇಷ್ಟು: ಮೆಕ್ಯಾನಿಕಲ್ ಓದಿ ಐದು ವರ್ಷ ಕೆಲಸ ಮಾಡಿದ್ದೀರಿ, ಜರ್ಮನಿಯಲ್ಲಿ ಓದಿಗೆ ತಕ್ಕ ಕೆಲಸ ಬೇಕು, ಕೈಯಲ್ಲಿ ನಾಲ್ಕು ಕಾಸೂ ಉಳಿಯಬೇಕು. ಯಾವ ಊರಿಗೆ ಹೋಗಲಿ, ಕೆಲಸ ಸಿಗುವ ಮೊದಲೇ ಹೊರಟುಬಿಡಲೇ ಅಂತ.

ನಾನೂ ಅದೇ ಓದಿನವನು. ಮೊದಲು ಮ್ಯೂನಿಕ್‌ನಲ್ಲಿದ್ದೆ, ಈಗ ಪೂರ್ವ ಭಾಗದ ಕೆಮ್ನಿಟ್ಸ್‌ನಲ್ಲಿದ್ದೇನೆ. ನನ್ನನ್ನು ಕೇಳಿದರೆ, ಸಂಬಳ ನೋಡಿ ಊರು ಆರಿಸಬೇಡಿ, ಬಾಡಿಗೆ ನೋಡಿ ಆರಿಸಿ.

ಮ್ಯೂನಿಕ್‌ನಲ್ಲಿ ವರ್ಷಕ್ಕೆ 52,000 ಯೂರೋ ಅಂದಾಗ ಹಿಗ್ಗಿಹೋಗಿದ್ದೆ. ಸಂಬಳದ ಚೀಟಿ ಬಂದಾಗ ನೋಡಿದರೆ ಕಡಿತಗಳದೇ ಸಾಲು: ಆದಾಯ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ವೃದ್ಧಾಪ್ಯದ ಆರೈಕೆ ವಿಮೆ. ಮದುವೆಯಾಗದವರಿಗೆ ತೆರಿಗೆಯೂ ಜಾಸ್ತಿ. ತಿಂಗಳಿಗೆ ಕೈಗೆ ಬಂದದ್ದು ಸುಮಾರು 2,750. ಅದರಲ್ಲಿ 1,150 ಒಂದು ಕೋಣೆಯ ಮನೆಗೇ ಹೋಗುತ್ತಿತ್ತು. ಕೆಮ್ನಿಟ್ಸ್‌ನಲ್ಲಿ 46,000ಕ್ಕೆ ಒಪ್ಪಿಕೊಂಡಾಗ ಗೆಳೆಯರೆಲ್ಲ ಬೈದರು. ಕೈಗೆ 2,500 ಬಂತು, ಎರಡು ಕೋಣೆಯ ಮನೆಗೆ 480. ಸಂಬಳ ಇಳಿದರೂ ತಿಂಗಳಿಗೆ 400 ಯೂರೋ ಹೆಚ್ಚು ಉಳಿಯತೊಡಗಿತು.

ಬಾಡಿಗೆ ಜಾಹೀರಾತಿನಲ್ಲಿ 'ಕಾಲ್ಟ್' ಅಂದರೆ ಬರೀ ಮನೆಯ ಬಾಡಿಗೆ. 'ವಾರ್ಮ್' ಅಂದರೆ ಹೀಟಿಂಗು, ನೀರು, ಕಸದ ಖರ್ಚು ಸೇರಿದ್ದು. ಕರೆಂಟು ಸಾಮಾನ್ಯವಾಗಿ ಬೇರೆ. ಠೇವಣಿ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದು ಕಾನೂನು. ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಬೀಗದ ಕೈ ಪಡೆದು ಒಳಗೆ ಹೋದರೆ ಅಡುಗೆಮನೆ ಅಂತ ಇದ್ದದ್ದು ನಾಲ್ಕು ಗೋಡೆ, ಗೋಡೆಯಿಂದ ಹೊರಚಾಚಿದ ಎರಡು ನೀರಿನ ಪೈಪು, ಬಲ್ಬಿಲ್ಲದೆ ನೇತಾಡುವ ವೈರು. ಸಿಂಕು, ಒಲೆ, ಕಪಾಟು ಎಲ್ಲ ಹಿಂದಿನ ಬಾಡಿಗೆದಾರ ಕಿತ್ತು ಒಯ್ದಿದ್ದ. ಇಲ್ಲಿ ಅದು ಮಾಮೂಲು. ಮೂರು ವಾರ ಬಾತ್‌ರೂಮಿನಲ್ಲಿ ಪಾತ್ರೆ ತೊಳೆದೆ. ಅಡುಗೆಮನೆ ಜೋಡಿಸಿರುವ ಮನೆಯೇ ಬೇಕಿದ್ದರೆ ಜಾಹೀರಾತಿನಲ್ಲಿ 'ಐನ್‌ಬೌಕ್ಯೂಶೆ' ಅನ್ನುವ ಪದ ಹುಡುಕಿ.

ಇನ್ನು ಕೆಲಸವಿಲ್ಲದೆ ಹೊರಡುವ ಮಾತು. 2024ರ ಜೂನ್‌ನಿಂದ ಆಪರ್ಚುನಿಟಿ ಕಾರ್ಡ್ ಎಂಬ ಪರವಾನಗಿ ಬಂದಿದೆ, ಒಂದು ವರ್ಷ ಜರ್ಮನಿಯಲ್ಲೇ ಇದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಲೂಬಹುದು. ಆದರೆ ನಿಮ್ಮ ಸ್ಥಿತಿಯಲ್ಲಿ ನಾನಾದರೆ ಹೋಗುವುದಿಲ್ಲ. ಭಾಷೆ ಬಾರದೆ ಬಂದವರ ಉಳಿತಾಯ ತಿಂಗಳು ತಿಂಗಳು ಕರಗುವುದನ್ನು ಹತ್ತಿರದಿಂದ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಈಗಿರುವ ಕೆಲಸ ಬಿಡದೆ ನಿಮ್ಮ ಊರಿನಿಂದಲೇ ಅರ್ಜಿ ಹಾಕಿ. ಆಫರ್ ಸಿಕ್ಕರೆ ನೇರವಾಗಿ ಬ್ಲೂ ಕಾರ್ಡ್, ಅಂದರೆ ಡಿಗ್ರಿ ಓದಿದವರಿಗೆ ಕೊಡುವ ಕೆಲಸದ ಪರವಾನಗಿ. 2025ರಲ್ಲಿ ಅದಕ್ಕೆ ವಾರ್ಷಿಕ 48,300 ಯೂರೋ ಸಂಬಳ ಬೇಕಿತ್ತು. ಎಂಜಿನಿಯರಿಂಗ್‌ನಂಥ ಕೊರತೆಯಿರುವ ಕೆಲಸಗಳಿಗೆ 43,759.80 ಸಾಕಿತ್ತು. ಈ ಮಿತಿ ಪ್ರತಿ ವರ್ಷ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ್ದನ್ನೇ ನೋಡಿ. ಕಡಿಮೆ ಮಿತಿ ಇರುವುದರಿಂದಲೇ ಸಣ್ಣ ಊರಿನ ಸಂಬಳಕ್ಕೂ ಬ್ಲೂ ಕಾರ್ಡ್ ಸಿಗುತ್ತದೆ.

ಅದಕ್ಕೂ ಮೊದಲು ಅನಾಬಿನ್ ಎಂಬ ಸರ್ಕಾರಿ ಡೇಟಾಬೇಸ್‌ನಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ 'ಎಚ್ ಪ್ಲಸ್' (ಜರ್ಮನಿಯಲ್ಲಿ ಮಾನ್ಯತೆ ಇದೆ ಎಂಬ ಗುರುತು) ಅಂತ ಇದೆಯೇ, ನಿಮ್ಮ ಡಿಗ್ರಿ ಪಟ್ಟಿಯಲ್ಲಿದೆಯೇ ಅಂತ ನೋಡಿ. ಇಲ್ಲದಿದ್ದರೆ ಡಿಗ್ರಿಗೆ ಪ್ರತ್ಯೇಕ ಮೌಲ್ಯಮಾಪನ ಪತ್ರ ತರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಸಣ್ಣ ಊರಿನ ನಿಜವಾದ ಬೆಲೆ ಭಾಷೆ. ಮ್ಯೂನಿಕ್‌ನ ಆಫೀಸಿನಲ್ಲಿ ಇಂಗ್ಲಿಷ್‌ನಲ್ಲೇ ದಿನ ಕಳೆದೆ. ಇಲ್ಲಿ ಫ್ಯಾಕ್ಟರಿಯ ಮೆಷಿನ್ ಮುಂದೆ ನಿಂತವರೊಂದಿಗೆ ಜರ್ಮನ್ ಬಿಟ್ಟರೆ ಬೇರೆ ದಾರಿಯಿಲ್ಲ. ಮೊದಮೊದಲು ಮೀಟಿಂಗ್ ಮುಗಿಸಿ ಹೊರಬಂದರೆ ತಲೆ ಸಿಡಿಯುತ್ತಿತ್ತು. ಆದರೆ ಹಾಗೆಯೇ ಜರ್ಮನ್ ಭಾಷೆಯ ಮಧ್ಯಮ ಹಂತದ ಪರೀಕ್ಷೆ ಬಿ1 ಪಾಸಾದೆ. ಬ್ಲೂ ಕಾರ್ಡ್ ಇದ್ದವರಿಗೆ ಜರ್ಮನ್‌ನ ಮೊದಲ ಹಂತ ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಸಿಗುತ್ತದೆ.

ಅನಾಬಿನ್‌ನಲ್ಲಿ ನಿಮ್ಮ ಡಿಗ್ರಿಗೆ ಏನು ತೋರಿಸುತ್ತದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಮುಂದೆ ಯಾವ ಕಾಗದ ಬೇಕು ಹೇಳುತ್ತೇನೆ.