ಅಮೆರಿಕದ ಕೇರೋ ಊರಿನ ಇತಿಹಾಸ ಏನು? ಅಲ್ಲಿ ಈಗ ಯಾರಾದ್ರೂ ಇದ್ದಾರಾ?

ನಿಮ್ಮ ಪ್ರಶ್ನೆ ಓದಿದೆ. ಇಲಿನಾಯ್ಸ್ ರಾಜ್ಯದ ಈ ಊರಿನ ವಿಡಿಯೋ ನೋಡಿದ್ದೀರಿ, ಅದರಲ್ಲಿ 'ದೆವ್ವದ ಊರು' ಅಂತ ಹಾಕಿದ್ದರು, ಒಂದು ಕಾಲದಲ್ಲಿ 15 ಸಾವಿರ ಜನ ಇದ್ದ ಜಾಗ ಹೀಗೆ ಯಾಕಾಯ್ತು, ಈಗ ಯಾರಾದ್ರೂ ಇದ್ದಾರಾ ಅಂತ ಕೇಳಿದ್ದೀರಿ.

ಇದ್ದಾರೆ. 2020ರ ಜನಗಣತಿಯಲ್ಲಿ 1,733 ಜನ. ಮೊದಲು ಇದನ್ನೇ ಹೇಳಬೇಕು ಅನ್ನಿಸಿತು. ಯಾಕಂದ್ರೆ ಆ ವಿಡಿಯೋಗಳಲ್ಲಿ ಮುರಿದ ಕಿಟಕಿ ಇರುತ್ತೆ, ಗೋಡೆ ಮೇಲೆ ಹಬ್ಬಿದ ಬಳ್ಳಿ ಇರುತ್ತೆ, ಮನುಷ್ಯರು ಮಾತ್ರ ಇರಲ್ಲ.

ನಾನು ಕೆಲವು ವರ್ಷ ಸೇಂಟ್ ಲೂಯಿಸ್‌ನಲ್ಲಿದ್ದೆ. ಅಲ್ಲಿಂದ ದಕ್ಷಿಣಕ್ಕೆ ಎರಡೂವರೆ ಗಂಟೆ ಕಾರಿನ ದಾರಿ. ಮೊದಲ ಸಲ ಹೋಗಿದ್ದು ನಿಮ್ಮ ಹಾಗೇ ಕುತೂಹಲಕ್ಕೆ. ಊರಿನ ಹಳೇ ಲೈಬ್ರರಿ ಒಳಗೆ ಕಾಲಿಟ್ಟ ಕೂಡಲೇ ಅಲ್ಲಿ ಕೂತಿದ್ದ ಒಬ್ಬ ಹಿರಿಯಮ್ಮ ಕೇಳಿದ್ದು ಒಂದೇ ಮಾತು: "ಫೋಟೋ ತೆಗೆಯೋಕೆ ಬಂದ್ರಾ?" ಹೌದು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಆಮೇಲೆ ಇನ್ನೂ ಮೂರು ಸಲ ಹೋದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಅದಕ್ಕೇ ಉತ್ತರ ಸ್ವಲ್ಪ ಉದ್ದ ಇದೆ.

ಹೆಸರಿನ ಸ್ಪೆಲ್ಲಿಂಗ್ ಈಜಿಪ್ಟಿನ ಕೈರೋದ್ದೇ. ಆದ್ರೆ ಅಲ್ಲಿ ಕೈರೋ ಅಂದ್ರೆ ತಿದ್ದುತ್ತಾರೆ, ಅವರ ಬಾಯಲ್ಲಿ ಅದು 'ಕೇರೋ'. ಇಲಿನಾಯ್ಸ್‌ನ ಆ ಇಡೀ ದಕ್ಷಿಣ ತುದಿಗೆ 'ಲಿಟಲ್ ಈಜಿಪ್ಟ್' ಅನ್ನೋ ಅಡ್ಡಹೆಸರಿದೆ. ಹತ್ತಿರದಲ್ಲೇ ಥೀಬ್ಸ್, ಕಾರ್ನಾಕ್ ಅನ್ನೋ ಊರುಗಳೂ ಇವೆ.

ಊರು ಇರೋದು ಒಹಾಯೋ ಮತ್ತು ಮಿಸಿಸಿಪ್ಪಿ ನದಿಗಳು ಸೇರುವ ಜಾಗದಲ್ಲಿ. ಎರಡು ನದಿ ನಡುವಿನ ಚೂಪಾದ ನೆಲದ ತುದಿ ಅದು, ರಾಜ್ಯದಲ್ಲೇ ಎಲ್ಲಕ್ಕಿಂತ ತಗ್ಗು. ತುದಿಯಲ್ಲಿ ಫೋರ್ಟ್ ಡಿಫಯನ್ಸ್ ಅನ್ನೋ ಪಾರ್ಕ್ ಇದೆ. ಅಲ್ಲಿ ನಿಂತರೆ ಒಂದು ಕಡೆ ಮಿಸಿಸಿಪ್ಪಿಯ ಕೆಸರು ನೀರು, ಇನ್ನೊಂದು ಕಡೆ ಒಹಾಯೋದ ಸ್ವಲ್ಪ ತಿಳಿ ನೀರು, ಎರಡೂ ಕೂಡಿದ ಮೇಲೂ ಬೆರೆಯದೆ ಒಂದಷ್ಟು ದೂರ ಪಕ್ಕ ಪಕ್ಕ ಹರಿಯುವುದು ಕಣ್ಣಿಗೇ ಕಾಣುತ್ತೆ. ಊರಿನ ಸುತ್ತ ನಮ್ಮ ಕೆರೆ ಏರಿ ಥರ ಎತ್ತರದ ಏರಿ ಕಟ್ಟಿದ್ದಾರೆ. ಉತ್ತರದಿಂದ ಊರೊಳಗೆ ಹೋಗುವಾಗ ಒಂದು ಅಂಡರ್‌ಪಾಸ್ ಬರುತ್ತೆ. ಅದರ ಮೇಲೆ ಭಾರಿ ಉಕ್ಕಿನ ಗೇಟು. ಪ್ರವಾಹ ಬಂದರೆ ಅದನ್ನು ಕೆಳಗಿಳಿಸಿ ರಸ್ತೆಯನ್ನೇ ಮುಚ್ಚಿಬಿಡಬಹುದು.

ಇಂಥ ಜಾಗದಲ್ಲಿ ದೊಡ್ಡ ನಗರ ಆಗೇ ಆಗುತ್ತೆ ಅಂತ ಎಲ್ಲರೂ ನಂಬಿದ್ದರು. 1818ರಲ್ಲೇ ಒಂದು ಕಂಪನಿ ಕೈ ಹಾಕಿ ಸೋತಿತು. 1837ರಲ್ಲಿ ಇನ್ನೊಂದು ಕಂಪನಿ ಬಂತು, ಅದೂ ಕೆಲವೇ ವರ್ಷದಲ್ಲಿ ಮುಳುಗಿತು. ಊರು ನಿಜಕ್ಕೂ ಬೆಳೆದದ್ದು 1850ರ ದಶಕದಲ್ಲಿ ಇಲಿನಾಯ್ಸ್ ಸೆಂಟ್ರಲ್ ರೈಲು ಬಂದ ಮೇಲೆ. ಗುಲಾಮಗಿರಿ ವಿಷಯಕ್ಕೆ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ, 1861ರಲ್ಲಿ, ಉತ್ತರದ ಸೇನಾಧಿಕಾರಿ ಯುಲಿಸಿಸ್ ಗ್ರಾಂಟ್ ಇಲ್ಲೇ ಠಾಣೆ ಹಾಕಿದ. 1862ರ ಫೆಬ್ರವರಿಯಲ್ಲಿ ಟೆನೆಸ್ಸಿಯ ಫೋರ್ಟ್ ಹೆನ್ರಿ, ಫೋರ್ಟ್ ಡೊನಲ್ಸನ್ ಗೆಲ್ಲೋಕೆ ಸೈನ್ಯ ಹೊರಟಿದ್ದೂ ಇಲ್ಲಿಂದಲೇ. ಅದೇ ಯುದ್ಧದ ಹೊತ್ತಲ್ಲಿ ಗುಲಾಮಗಿರಿ ತಪ್ಪಿಸಿಕೊಂಡ ಸಾವಿರಾರು ಕಪ್ಪು ಜನ ದಕ್ಷಿಣದಿಂದ ನದಿ ದಾಟಿ ಈ ಊರಿಗೆ ಬಂದರು. ಬಹಳಷ್ಟು ಜನ ಮುಂದೆ ಹೋದರು. ಕೆಲವರು ಇಲ್ಲೇ ಉಳಿದರು, ಮನೆ ಕಟ್ಟಿದರು. 1900ರ ಹೊತ್ತಿಗೆ ಊರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಪ್ಪು ಜನಾಂಗದವರೇ ಇದ್ದರು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ.

ಈಗ ಜನಸಂಖ್ಯೆ ವಿಷಯ. ಎಲ್ಲರೂ ಹೇಳುವ ಕಾರಣ ಒಂದೇ: ಸ್ಟೀಮ್ ಬೋಟುಗಳ ಕಾಲ ಮುಗಿಯಿತು, ಸೇತುವೆ ಬಂತು, ಹೈವೇ ಪಕ್ಕದಲ್ಲಿ ಹೋಯ್ತು, ಊರು ಸತ್ತಿತು. ನಾನೂ ಹಾಗೇ ಅಂದುಕೊಂಡಿದ್ದೆ. ಜನಗಣತಿ ಅಂಕಿಗಳನ್ನು ಒಂದೊಂದಾಗಿ ಬರೆದು ನೋಡಿದ ಮೇಲೆ ಆ ಲೆಕ್ಕ ಕೂಡಲಿಲ್ಲ.

ನೋಡಿ. ಒಹಾಯೋ ನದಿಗೆ ರೈಲು ಸೇತುವೆ ಬಂದದ್ದು 1889ರಲ್ಲಿ. ರೈಲನ್ನು ದೋಣಿಯಲ್ಲಿ ದಾಟಿಸುವ ಕೆಲಸ ಅಲ್ಲಿಗೆ ನಿಂತಿತು. ಅದಕ್ಕೆ ಊರು ಕುಗ್ಗಬೇಕಿತ್ತು ಅಲ್ವಾ? 1890ರಲ್ಲಿ 10,324 ಇದ್ದದ್ದು 1900ಕ್ಕೆ 12,566 ಆಯ್ತು, 1910ಕ್ಕೆ 14,548, 1920ಕ್ಕೆ 15,203. ಅದೇ ಅತಿ ಜಾಸ್ತಿ. 1930ರಲ್ಲಿ ಸ್ವಲ್ಪ ಇಳಿದು 1940ರಲ್ಲಿ ಮತ್ತೆ 14,407ಕ್ಕೆ ಏರಿತು. ಅಂದ್ರೆ ದೋಣಿ ವ್ಯಾಪಾರ ಹೋಗಿ ಐವತ್ತು ವರ್ಷ ಆದಮೇಲೂ ಊರು ಗಟ್ಟಿಯಾಗೇ ಇತ್ತು. ಆಮೇಲಿನದು ನೋಡಿ: 1950ರಲ್ಲಿ 12,123. 1960ರಲ್ಲಿ 9,348. 1970ರಲ್ಲಿ 6,277. ಆ ಒಂದೇ ದಶಕದಲ್ಲಿ ಮೂರರಲ್ಲಿ ಒಂದು ಪಾಲು ಜನ ಹೋದರು. ಐ-57 ಹೈವೇಯ ಸೇತುವೆ ತೆರೆದದ್ದು 1978ರಲ್ಲಿ. 1980ರಲ್ಲಿ ಊರಲ್ಲಿ ಉಳಿದಿದ್ದು 5,931 ಜನ. ಹೈವೇ ಬರುವ ಮುಂಚೆಯೇ ಅರ್ಧಕ್ಕಿಂತ ಜಾಸ್ತಿ ಜನ ಬಿಟ್ಟು ಹೋಗಿಯಾಗಿತ್ತು! ಹೈವೇಯಿಂದ ಪೆಟ್ಟು ಬಿದ್ದಿದ್ದು ನಿಜ. ಲಾಡ್ಜು, ಹೋಟೆಲ್ಲು, ಪೆಟ್ರೋಲ್ ಬಂಕು ಮುಚ್ಚಿದವು. ಆದ್ರೆ ಮೊದಲ ಪೆಟ್ಟು ಅದಲ್ಲ.

ಹಾಗಾದ್ರೆ 1960ರ ದಶಕದಲ್ಲಿ ಏನಾಯ್ತು? ಅದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು.

ಇಲಿನಾಯ್ಸ್ ಉತ್ತರದ ರಾಜ್ಯ, ಗುಲಾಮಗಿರಿ ವಿರುದ್ಧ ಹೋರಾಡಿದ ಕಡೆಯದು. ದಕ್ಷಿಣದಿಂದ ರೈಲಿನಲ್ಲಿ ಶಿಕಾಗೋ ಕಡೆ ಹೊರಟ ಕಪ್ಪು ಜನಾಂಗದವರು ಒಹಾಯೋ ದಾಟಿ ಕೇರೋ ತಲುಪಿದ ಮೇಲೆ ತಮಗೆ ಅಂತ ಇಟ್ಟಿದ್ದ ಬೇರೆ ಬೋಗಿ ಬಿಟ್ಟು ಎಲ್ಲರ ಜೊತೆ ಕೂರಬಹುದಿತ್ತು. ಅವರ ಪಾಲಿಗೆ ಬಿಡುಗಡೆ ಶುರುವಾಗುವ ಸ್ಟೇಷನ್ ಅದು. ಆದ್ರೆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಕಥೆ ಬೇರೆ. 1909ರ ನವೆಂಬರ್ 11ರ ರಾತ್ರಿ ವಿಲಿಯಂ ಜೇಮ್ಸ್ ಅನ್ನೋ ಕಪ್ಪು ಯುವಕನನ್ನು, ಕೊಲೆ ಆರೋಪ ಹೊರಿಸಿ, ವಿಚಾರಣೆಯೇ ಇಲ್ಲದೆ, ಊರ ನಡುವಿನ ದೀಪಗಳ ಕಮಾನಿನ ಕೆಳಗೆ ಸಾವಿರಾರು ಜನರ ಗುಂಪು ಕೊಂದಿತು. ಅದೇ ರಾತ್ರಿ ಜೈಲಿಗೆ ನುಗ್ಗಿ ಒಬ್ಬ ಬಿಳಿಯ ಕೈದಿಯನ್ನೂ ಕೊಂದರು. ಕೈದಿಯನ್ನು ಗುಂಪಿನ ಕೈಗೆ ಬಿಟ್ಟ ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಕೆಲಸ ಕಳೆದುಕೊಳ್ಳಬೇಕು ಅನ್ನೋ ಕಾನೂನು ಆ ರಾಜ್ಯದಲ್ಲಿ 1905ರಿಂದ ಇತ್ತು. ಶೆರಿಫ್ ಕೆಲಸ ಹೋಯ್ತು. ಅವನು ವಾಪಸ್ ಬೇಕು ಅಂತ ಅರ್ಜಿ ಹಾಕಿದಾಗ ಪತ್ರಕರ್ತೆ ಐಡಾ ಬಿ. ವೆಲ್ಸ್ ಶಿಕಾಗೋದಿಂದ ಬಂದು, ಊರಿನವರನ್ನು ಮಾತಾಡಿಸಿ, ಗವರ್ನರ್ ಮುಂದೆ ನಿಂತು ವಾದ ಮಾಡಿದರು. ಗವರ್ನರ್ ಅವನನ್ನು ವಾಪಸ್ ತಗೊಳ್ಳಲಿಲ್ಲ. ಈ ಹೆಣ್ಣುಮಗಳ ಬಗ್ಗೆ ಬೇರೆಯದೇ ಉತ್ತರ ಬರೆಯಬೇಕು, ಅಷ್ಟಿದೆ.

1962ರಲ್ಲಿ ಊರಿನ ಈಜುಕೊಳಕ್ಕೆ ಕಪ್ಪು ಮಕ್ಕಳನ್ನು ಬಿಡುತ್ತಿಲ್ಲ ಅಂತ ಹೋರಾಟ ನಡೆಯಿತು. ಮುಂದೆ ದೊಡ್ಡ ನಾಯಕರಾದ ಜಾನ್ ಲೂಯಿಸ್ ಆಗ ಇಪ್ಪತ್ತೆರಡರ ಹುಡುಗ, ಅವರೂ ಬಂದು ಆ ಕೊಳದ ಎದುರು ಮಂಡಿಯೂರಿ ಕೂತಿದ್ದರು. ಕೊನೆಗೆ ಏನಾಯ್ತು ಅಂದ್ರೆ, ಎಲ್ಲ ಮಕ್ಕಳೂ ಒಟ್ಟಿಗೆ ಈಜೋದು ನೋಡೋಕಾಗದೆ ಕೊಳವನ್ನೇ ಮುಚ್ಚಿದರು. ಆಮೇಲೆ ಕಾಂಕ್ರೀಟ್ ತುಂಬಿಬಿಟ್ಟರು. ಈ ಊರಿನ ಬಗ್ಗೆ ಓದಿದ್ದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದು. ಆ ಊರಿನ ಬೇಸಿಗೆ ಸೆಕೆ ನಾನು ಅನುಭವಿಸಿದ್ದೀನಿ, ಜುಲೈನಲ್ಲಿ ಕಾರಿನಿಂದ ಇಳಿಯೋಕಾಗಲ್ಲ. ಪಕ್ಕದ ಮನೆ ಮಗುವಿಗೆ ಸಿಗಬಾರದು ಅಂತ ತಮ್ಮ ಮಕ್ಕಳಿಗೂ ಇಲ್ಲದ ಹಾಗೆ ಮಾಡಿಕೊಂಡರು.

1967ರ ಜುಲೈ. ರಾಬರ್ಟ್ ಹಂಟ್ ಅನ್ನೋ 19 ವರ್ಷದ ಕಪ್ಪು ಸೈನಿಕ, ರಜೆಯ ಮೇಲೆ ಬಂದವನು, ಪೊಲೀಸ್ ಲಾಕಪ್‌ನಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕಿದ. ಆತ್ಮಹತ್ಯೆ ಅಂದರು ಪೊಲೀಸರು. ಕಪ್ಪು ಜನ ನಂಬಲಿಲ್ಲ. ಗಲಾಟೆ ಆಯ್ತು, ನ್ಯಾಷನಲ್ ಗಾರ್ಡ್ ಬಂತು. ಬಿಳಿಯರು 'ವೈಟ್ ಹ್ಯಾಟ್ಸ್' ಅನ್ನೋ ಬಂದೂಕಿನ ಪಡೆ ಕಟ್ಟಿಕೊಂಡರು. ಕಪ್ಪು ಜನ ಇದ್ದ ಪಿರಮಿಡ್ ಕೋರ್ಟ್ಸ್ ಅನ್ನೋ ಸರ್ಕಾರಿ ಮನೆಗಳ ಕಡೆಗೆ ರಾತ್ರಿ ಗುಂಡು ಹಾರುತ್ತಿದ್ದವು. 1969ರಲ್ಲಿ ಕಪ್ಪು ಜನ 'ಯುನೈಟೆಡ್ ಫ್ರಂಟ್' ಅಂತ ಸಂಘಟನೆ ಮಾಡಿ, ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ತುಂಬಾ ಸರಳ: ನಮ್ಮ ದುಡ್ಡಲ್ಲಿ ನಡೆಯುವ ಅಂಗಡಿಯಲ್ಲಿ ನಮ್ಮವರಿಗೂ ಕೆಲಸ ಕೊಡಿ. ಬಹಿಷ್ಕಾರ ವರ್ಷಗಟ್ಟಲೆ ನಡೆಯಿತು. ಅಂಗಡಿ ಮಾಲೀಕರು ಕೆಲಸ ಕೊಡುವ ಬದಲು ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡು ಹೋದರು. ನೀವು ವಿಡಿಯೋದಲ್ಲಿ ನೋಡಿದ ಕಮರ್ಷಿಯಲ್ ಅವೆನ್ಯೂ, ಆ ಸಾಲು ಸಾಲು ಖಾಲಿ ಅಂಗಡಿ, ಅದು ಹಾಳಾಗೋಕೆ ಶುರುವಾದದ್ದು ಹೀಗೆ. ಅದನ್ನು ಬರೀ ನದಿ ಮೇಲೆ, ಹೈವೇ ಮೇಲೆ ಹಾಕಿದರೆ ಆ ಬೀದಿಯಲ್ಲಿ ಫಲಕ ಹಿಡಿದು ನಿಂತವರಿಗೆ ಅನ್ಯಾಯ ಮಾಡಿದ ಹಾಗೆ.

ಆಮೇಲಿನದು ಬೇಗ ಹೇಳ್ತೀನಿ. 1986ರಲ್ಲಿ ಆಸ್ಪತ್ರೆ ಮುಚ್ಚಿತು. 1990ರಲ್ಲಿ 4,846 ಜನ, 2000ದಲ್ಲಿ 3,632, 2010ರಲ್ಲಿ 2,831.

2011ರ ಪ್ರವಾಹ ಮಾತ್ರ ಬಿಡೋಕಾಗಲ್ಲ. ನೀರು 61 ಅಡಿ ದಾಟಿತ್ತು. 1937ರ ಮಹಾ ಪ್ರವಾಹದಲ್ಲೂ 59.5 ಅಡಿಯೇ. ಊರು ಖಾಲಿ ಮಾಡಿಸಿದರು. ಮೇ 2ರ ರಾತ್ರಿ ಸೇನೆಯ ಎಂಜಿನಿಯರುಗಳು ನದಿಯ ಆಚೆ, ಮಿಸೌರಿ ಕಡೆಯ ಬರ್ಡ್ಸ್ ಪಾಯಿಂಟ್‌ನಲ್ಲಿ ಏರಿ ಸ್ಫೋಟಿಸಿ ಸುಮಾರು 1,30,000 ಎಕರೆ ಹೊಲಕ್ಕೆ ನೀರು ಬಿಟ್ಟರು. ಕೇರೋ ಉಳಿಯಿತು. ಅಷ್ಟು ಚಿಕ್ಕ ಊರಿಗೆ ಅಷ್ಟು ಹೊಲ ಯಾಕೆ ಮುಳುಗಿಸಬೇಕು ಅಂತ ಆಗ ಬಹಳ ಜನ ಮಾತಾಡಿದರು. ಆ ಹೊಲಗಳ ನಡುವೆ ಪಿನ್‌ಹುಕ್ ಅನ್ನೋ ಪುಟ್ಟ ಹಳ್ಳಿ ಇತ್ತು. ಅಲ್ಲಿದ್ದವರೂ ಕಪ್ಪು ರೈತ ಕುಟುಂಬಗಳೇ. ಅವರ ಮನೆಗಳೆಲ್ಲ ಹೋದವು. ಅದನ್ನು ನೆನೆಸದೆ ಕೇರೋ ಉಳಿದ ಕಥೆ ಹೇಳಬಾರದು ಅಂತ ನನ್ನ ಅನಿಸಿಕೆ.

ನೀರಿನಿಂದ ಉಳಿದ ಊರಿಗೆ ಮುಂದಿನ ಪೆಟ್ಟು ಮನೆಗಳಿಂದ ಬಂತು. ಎಲ್ಮ್‌ವುಡ್, ಮೆಕ್‌ಬ್ರೈಡ್ ಅಂತ ಎರಡು ಸರ್ಕಾರಿ ವಸತಿ ಸಮುಚ್ಚಯ ಇದ್ದವು. ವರ್ಷಗಟ್ಟಲೆ ರಿಪೇರಿ ಇಲ್ಲ, ಇಲಿ, ಜಿರಳೆ, ಚಳಿಗಾಲದಲ್ಲಿ ಅಡುಗೆ ಒಲೆ ಹಚ್ಚಿ ಮನೆ ಬಿಸಿ ಮಾಡಿಕೊಳ್ಳಬೇಕು. 2016ರಲ್ಲಿ ಕೇಂದ್ರ ಸರ್ಕಾರದ ವಸತಿ ಇಲಾಖೆ ಸ್ಥಳೀಯ ಪ್ರಾಧಿಕಾರವನ್ನು ತನ್ನ ಕೈಗೆ ತಗೊಂಡಿತು. ಸರಿಮಾಡುತ್ತಾರೆ ಅಂತ ಜನ ಕಾದರು. 2017ರಲ್ಲಿ ಬಂದ ಉತ್ತರ: ಎರಡನ್ನೂ ಕೆಡವುತ್ತೇವೆ, ನೀವು ಬೇರೆ ಕಡೆ ಹೋಗಿ. ಸುಮಾರು 400 ಜನ, ಅದರಲ್ಲಿ ಅರ್ಧದಷ್ಟು ಮಕ್ಕಳು. ಊರಲ್ಲಿ ಬಾಡಿಗೆಗೆ ಬೇರೆ ಮನೆಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದ್ದರಿಂದ ಮನೆ ಬಿಡು ಅಂದ್ರೆ ಊರೇ ಬಿಡು ಅಂತ ಅರ್ಥ. ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು. 2010ರಿಂದ 2020ರ ನಡುವೆ ಈ ಊರಿರುವ ಅಲೆಕ್ಸಾಂಡರ್ ಕೌಂಟಿ (ನಮ್ಮ ಜಿಲ್ಲೆ ಥರ) ತನ್ನ ಜನಸಂಖ್ಯೆಯಲ್ಲಿ ನೂರಕ್ಕೆ 36ರಷ್ಟು ಕಳೆದುಕೊಂಡಿತು. ಇಡೀ ಅಮೆರಿಕದಲ್ಲಿ ಯಾವ ಕೌಂಟಿಯೂ ಆ ದಶಕದಲ್ಲಿ ಅಷ್ಟು ಕುಗ್ಗಲಿಲ್ಲ. ಈ ಸಲ ಜನ ಬಿಟ್ಟು ಹೋಗಲಿಲ್ಲ, ಅವರನ್ನು ಕಳಿಸಿದರು. ಆ ವ್ಯತ್ಯಾಸ ಜನಗಣತಿಯ ಪಟ್ಟಿಯಲ್ಲಿ ಕಾಣಲ್ಲ.

ಈಗ ಅಲ್ಲಿರುವವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರೇ. 2015ರಲ್ಲಿ ದಿನಸಿ ಅಂಗಡಿ ಮುಚ್ಚಿದ ಮೇಲೆ ತಾಜಾ ತರಕಾರಿಗೆ ಬೇರೆ ಊರಿಗೆ, ಬೇರೆ ರಾಜ್ಯಕ್ಕೇ ಹೋಗಬೇಕಿತ್ತು. ಕಾರಿಲ್ಲದ ವಯಸ್ಸಾದವರು ಏನು ಮಾಡಬೇಕು ಹೇಳಿ? 2023ರಲ್ಲಿ ಊರಿನವರೇ ಸದಸ್ಯರಾಗಿ, ನಮ್ಮ ಸಹಕಾರ ಸಂಘದ ಥರ, ರೈಸ್ ಕಮ್ಯುನಿಟಿ ಮಾರ್ಕೆಟ್ ಅಂತ ಒಂದು ಅಂಗಡಿ ತೆರೆದರು. ಅಷ್ಟು ಕಡಿಮೆ ಗಿರಾಕಿಗಳಿಟ್ಟುಕೊಂಡು ಅಂಗಡಿ ನಡೆಸೋದು ಸುಲಭ ಅಲ್ಲ. ಆದ್ರೂ ತೆರೆದರು. ಸಂಗಮದ ಹತ್ತಿರ ಒಂದು ನದಿ ಬಂದರು ಮಾಡಬೇಕು ಅಂತಲೂ ವರ್ಷಗಳಿಂದ ಪ್ರಯತ್ನ ನಡೆದಿದೆ, ರಾಜ್ಯ ಸರ್ಕಾರ 4 ಕೋಟಿ ಡಾಲರ್ ಕೊಡುವುದಾಗಿ ಹೇಳಿತ್ತು.

ನೀವು ಯಾವತ್ತಾದ್ರೂ ಆ ಕಡೆ ಹೋದರೆ ಐ-57ರಲ್ಲಿ 1ನೇ ನಂಬರ್ ಎಕ್ಸಿಟ್ ತಗೊಳ್ಳಿ. ಸಂಗಮ ನೋಡಿ. 1872ರ ಕಸ್ಟಮ್ ಹೌಸ್ ಈಗ ಮ್ಯೂಸಿಯಂ, ಅದು ತೆರೆದಿದ್ದರೆ ಒಳಗೆ ಹೋಗಿ. ಅದೇ ಕಾಲದ ಮ್ಯಾಗ್ನೋಲಿಯಾ ಮ್ಯಾನರ್ ಅನ್ನೋ ದೊಡ್ಡ ಇಟ್ಟಿಗೆ ಮನೆಯೂ ಇದೆ. ಸ್ಯಾಫರ್ಡ್ ಲೈಬ್ರರಿಗೆ ತಪ್ಪದೆ ಹೋಗಿ. ನಾನು ಕೊನೇ ಸಲ ಹೋದಾಗ ಆ ಹಿರಿಯಮ್ಮ ಗುರುತು ಹಿಡಿದರು. ಈ ಸಲ ಫೋಟೋ ವಿಷಯ ಕೇಳಲಿಲ್ಲ. ಕುರ್ಚಿ ಎಳೆದು ಕೊಟ್ಟು, ತಾವು ಓದಿದ ಶಾಲೆ ಯಾವ ಬೀದಿಯಲ್ಲಿತ್ತು ಅಂತ ಹೇಳೋಕೆ ಶುರು ಮಾಡಿದರು.