ಪಿಕಪ್ ಹಿಂದೆ ಕುಂತರೆ ಪಾಟಾ ಸೇರಿಸಬೇಕೆ?

ಪ್ರಶ್ನೆ: ಪಿಕಪ್‌ದಾಗ ಶಹಾಬಾದ್ ಕಲ್ಲು ಹೇರ್ತೀವಿ. ಈಗ ಖಾಲಿ ಇದ್ರೂ ಎಡಗಡೆ ಹಿಂದ ಕುಂತಂಗ ಕಾಣ್ತದ. ಒಂದು ಪಾಟಾ ಹೆಚ್ಚಿಗಿ ಹಾಕ್ಸಂತ ಮಿಸ್ತ್ರಿ ಅಂತಾನ. ಹಾಕ್ಸಬೇಕೇನ್ರಿ?
– ಓದುಗರು, ಚಿತ್ತಾಪುರ

ಉತ್ತರ: ಈಗಲೇ ಬೇಡ. ಪಾಟಾ ಅಂದರೆ ಆಕ್ಸಲ್ ಮೇಲೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಕಮಾನಿನಂಥ ಉಕ್ಕಿನ ಪಟ್ಟಿ (ಲೀಫ್ ಸ್ಪ್ರಿಂಗ್). ಮೊದಲು ಟೇಪು ಹಿಡಿದು ಅಳೆಯಿರಿ. ಖಾಲಿ ಗಾಡಿಯನ್ನು ಮಟ್ಟಸವಾದ ಕಾಂಕ್ರೀಟ್ ನೆಲದ ಮೇಲೆ ಸ್ವಲ್ಪ ಹಿಂದೆ ಮುಂದೆ ಓಡಿಸಿ ನಿಲ್ಲಿಸಿ. ಹಿಂದಿನ ಆಕ್ಸಲ್ ಹೌಸಿಂಗ್ (ಚಕ್ರದ ಅಚ್ಚಿನ ಹೊರಕವಚ) ಮೇಲ್ಭಾಗದಿಂದ ಚಾಸಿಯ (ಗಾಡಿಯ ಅಡಿ ಚೌಕಟ್ಟು) ಕೆಳ ಅಂಚಿನವರೆಗೆ, ಎರಡೂ ಬದಿ ಒಂದೇ ಜಾಗದಲ್ಲಿ ಅಳತೆ ತೆಗೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎರಡೂ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಎಡ-ಬಲದ ವ್ಯತ್ಯಾಸ 10 ಮಿ.ಮೀ. ಒಳಗಿದ್ದರೆ ಹಾಗೇ ಓಡಿಸಿ. 20 ದಾಟಿದರೆ ಕಾರಣ ಹುಡುಕಬೇಕು.

ಪಾಟಾ ಸೆಟ್ಟನ್ನು ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಾಕಿ ನೋಡಿ. ಪಾಟಾ ಸೆಟ್ಟನ್ನು ಆಕ್ಸಲಿಗೆ ಬಿಗಿಯುವ ಯೂ ಬೋಲ್ಟಿನ ಅಂಚಿನಲ್ಲಿ, ಪಾಟಾಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಕೆಂಪು ತುಕ್ಕಿನ ಗೆರೆ ಕಂಡರೆ ಅಲ್ಲಿ ಪಾಟಾ ಸೀಳಿದೆ. ಎರಡನೇ, ಮೂರನೇ ಪಾಟಾ ತುಂಡಾಗಿ ಒಳಗೇ ಅಡಗಿ ಕೂರುವುದು ಬಹಳ. ಯೂ ಬೋಲ್ಟ್ ಸಡಿಲವಾಗಿದ್ದರೆ ಭಾರವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ಕಟ್ಟಾಗುತ್ತದೆ, ಆಕ್ಸಲ್ ಹಿಂದೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಓಲಾಡುವ ಕೊಂಡಿ) ಒಳಗಿನ ರಬ್ಬರ್ ಬುಶ್ ತಿಂದುಹೋಗಿದ್ದರೂ ಆ ಬದಿ ಕೆಲವು ಮಿ.ಮೀ. ಇಳಿಯುತ್ತದೆ.

ಇವೆಲ್ಲ ಸರಿಯಿದ್ದೂ ಗಾಡಿ ತಗ್ಗಿದ್ದರೆ ಆಗ ಪಾಟಾ ಕುಂತಿದೆ ಎಂದರ್ಥ. ಮಿತಿ ಮೀರಿ ಬಾಗಿದ ಉಕ್ಕು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಪ್ರತಿ ಓವರ್‌ಲೋಡಿಗೂ ಕಮಾನು ಚೂರು ಚೂರೇ ಚಪ್ಪಟೆಯಾಗುತ್ತದೆ. ಚಪ್ಪಟೆಯಾದಷ್ಟೂ ಪಾಟಾ ಉದ್ದವಾಗಿ ಶ್ಯಾಕಲನ್ನು ಹೊರಕ್ಕೆ ತಳ್ಳುತ್ತದೆ, ಅದರ ಓರೆ ನೋಡಿಯೇ ಎಷ್ಟು ಕುಂತಿದೆ ಎಂದು ಅಂದಾಜು ಮಾಡಬಹುದು. ಆದರೆ ಕುಂತ ಪಾಟಾ ಮೆತ್ತಗಾಗಿರುವುದಿಲ್ಲ. 100 ಕೆ.ಜಿ. ಹೇರಿದರೆ ಹೊಸದಿದ್ದಾಗ ಎಷ್ಟು ಇಳಿಯುತ್ತಿತ್ತೋ ಈಗಲೂ ಅಷ್ಟೇ ಇಳಿಯುತ್ತದೆ. ಇಳಿಯಲು ಶುರುವಾಗುವ ಎತ್ತರ ಮಾತ್ರ ಕಡಿಮೆ. ಹಾಗಾಗಿ ಬಂಪ್ ಸ್ಟಾಪ್ ರಬ್ಬರಿಗೆ ಬೇಗ ತಾಗಿ 'ಧಡ್' ಎನ್ನುತ್ತದೆ.

ಇದಕ್ಕೆ ಹೆಚ್ಚುವರಿ ಪಾಟಾ ಮದ್ದಲ್ಲ, ದಪ್ಪ ಪಾಟಾವೂ ಅಲ್ಲ. ಪಾಟಾದ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: 8 ಮಿ.ಮೀ. ಬದಲು 9 ಮಿ.ಮೀ. ಪಾಟಾ ಹಾಕಿದರೆ ಆ ಒಂದು ಪಾಟಾ ಸುಮಾರು ಶೇ. 42ರಷ್ಟು ಬಿಗಿ. ಖಾಲಿ ಗಾಡಿ ಕುಣಿಯುತ್ತದೆ, ಹೊಡೆತ ಚಾಸಿಯ ಹ್ಯಾಂಗರಿಗೆ (ಪಾಟಾ ಹಿಡಿಯುವ ಬ್ರಾಕೆಟ್ಟು) ಹೋಗುತ್ತದೆ. ಆಕ್ಸಲ್, ಟೈರು, ಬ್ರೇಕಿನ ತಾಕತ್ತು, ಆರ್‌ಸಿಯಲ್ಲಿ ಬರೆದ ತೂಕ ಯಾವುದೂ ಹೆಚ್ಚುವುದಿಲ್ಲ.

ನಿಮ್ಮ ಲೋಡನ್ನೂ ಲೆಕ್ಕ ಹಾಕಿ. ಒಂದು ಇಂಚು ದಪ್ಪದ ಕಲ್ಲು 100 ಚದರಡಿಗೆ ಸುಮಾರು 600ರಿಂದ 650 ಕೆ.ಜಿ. ತೂಗುತ್ತದೆ. ಚಪ್ಪಡಿಗಳನ್ನೆಲ್ಲ ಎಡ ಹಲಗೆಗೆ ಒರಗಿಸಿ ನಿಲ್ಲಿಸುವ ರೂಢಿಯಿದ್ದರೆ ಎಡ ಪಾಟಾ ಮೊದಲು ಕೂರುತ್ತದೆ. ರಸ್ತೆಯ ಇಳಿಜಾರು, ಅಂಚಿನ ಗುಂಡಿಗಳೂ ಆ ಕಡೆಗೇ. ಲೋಡನ್ನು ಎರಡೂ ಬದಿ ಸಮ ಹಂಚಿ.

ಪ್ರಶ್ನೆ: ಪಾಟಾ ಬಡಿಸಿ ಕಮಾನು ಎತ್ತಿಸಿದ್ದೆವು. ತೊಗರಿ ಸುಗ್ಗಿ ಮುಗಿಯುವುದರೊಳಗೆ ಮತ್ತೆ ಕುಂತಿತು. ಯಾಕೆ?
– ಓದುಗರು, ಹುಮನಾಬಾದ್

ಉತ್ತರ: ತಣ್ಣಗಿನ ಪಾಟಾವನ್ನು ಸುತ್ತಿಗೆಯಲ್ಲಿ ಬಡಿದು ಎತ್ತಿದ ಕಮಾನು ಲೋಡಿಗೆ ನಿಲ್ಲುವುದಿಲ್ಲ. ಸರಿಯಾಗಿ ಮಾಡಬೇಕೆಂದರೆ 850 ಡಿಗ್ರಿ ಸೆಲ್ಸಿಯಸ್ ಮೇಲೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 450-500 ಡಿಗ್ರಿಯಲ್ಲಿ ಹದ ಕೊಡಬೇಕು. ಕುಲುಮೆಯಲ್ಲಿ ಕಣ್ಣಂದಾಜಿಗೆ ಕಾಯಿಸಿದ್ದು ಒಂದೋ ಮೆತ್ತಗಾಗುತ್ತದೆ, ಇಲ್ಲವೇ ಗಾಜಿನಂತೆ ಒಡೆಯುತ್ತದೆ. ಹದ ಕೊಡುವ ಸೌಕರ್ಯ ಇಲ್ಲದಿದ್ದರೆ ಕಂಪನಿ ಅಳತೆಯ ಹೊಸ ಸೆಟ್ ಹಾಕಿಸುವುದೇ ಲೇಸು, ಅದೂ ಎರಡೂ ಬದಿಗೆ ಒಟ್ಟಿಗೆ.

ಯೂ ಬೋಲ್ಟ್, ಸೆಂಟರ್ ಬೋಲ್ಟ್, ಬುಶ್ ಹೊಸವೇ ಇರಲಿ. ಹಳೆಯ ಯೂ ಬೋಲ್ಟಿನ ಥ್ರೆಡ್ಡು ಹಿಗ್ಗಿರುತ್ತದೆ. ನಾಲ್ಕೂ ನಟ್ಟನ್ನು ಕರ್ಣಾಕಾರದಲ್ಲಿ, ಸ್ವಲ್ಪ ಸ್ವಲ್ಪವಾಗಿ, ಮ್ಯಾನುಯಲ್‌ನ ಟಾರ್ಕ್‌ಗೆ ಬಿಗಿಸಿ. ಬುಶ್ ಪಿನ್ನಿನ ನಟ್ಟನ್ನು ಕೊನೆಗೆ, ಜಾಕ್ ಇಳಿಸಿ ಗಾಡಿಯ ಭಾರ ಚಕ್ರದ ಮೇಲೆ ಬಂದಾದ ನಂತರ ಬಿಗಿಸಬೇಕು. ಎತ್ತಿದಾಗಲೇ ಬಿಗಿಸಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 500 ಕಿ.ಮೀ. ಓಡಿದ ಮೇಲೆ ಯೂ ಬೋಲ್ಟ್ ಮತ್ತೊಮ್ಮೆ ಬಿಗಿಸಿ.

ಬಹಳ ಮಿಸ್ತ್ರಿಗಳು ಮರೆಯುವುದು ಇದು: ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಬ್ರೇಕ್ ವಾಲ್ವಿಗೆ ಒಂದು ಸರಳು ಅಥವಾ ಸ್ಪ್ರಿಂಗ್ ಹೋಗಿರುತ್ತದೆ. ಹಿಂಬದಿ ತಗ್ಗಿದರೆ ಲೋಡಿದೆ ಎಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಾಟಾ ಕುಂತ ಖಾಲಿ ಗಾಡಿಯ ಹಿಂದಿನ ಚಕ್ರ ಮಳೆಯಲ್ಲಿ ಲಾಕ್ ಆಗಿ ಜಾರುವುದಕ್ಕೆ ಇದೂ ಕಾರಣ. ಹೆಚ್ಚುವರಿ ಪಾಟಾ ಹಾಕಿ ಎತ್ತರಿಸಿದರೆ ಉಲ್ಟಾ: ತುಂಬಿದ ಗಾಡಿಗೆ ಹಿಂದಿನ ಬ್ರೇಕು ಸಾಲುವುದಿಲ್ಲ. ಸೆಟ್ ಬದಲಿಸಿದ ದಿನವೇ ವಾಲ್ವ್ ಹೊಂದಿಸಿ, ಹೆಡ್‌ಲೈಟಿನ ಮಟ್ಟವನ್ನೂ ನೋಡಿ.

ಪ್ರಶ್ನೆ: ಪಾಟಾ ಕಿರ್‌ಗುಡುತ್ತವೆ. ಸುಟ್ಟ ಎಂಜಿನ್ ಆಯಿಲ್ ಹೊಡೆಸಬಹುದೇ?
– ಓದುಗರು, ಶಹಾಪುರ

ಉತ್ತರ: ಬೇಡ. ಆಯಿಲ್‌ಗೆ ಬುಶ್‌ನ ರಬ್ಬರು ಉಬ್ಬಿ ಕೆಡುತ್ತದೆ, ಎರಿ ಮಣ್ಣಿನ ಧೂಳು ಅಂಟಿ ಪಾಟಾಗಳ ನಡುವೆ ಅರದಂತೆ ತಿಕ್ಕುತ್ತದೆ. ನೀರಿನ ಪಂಪಿನಿಂದ ಮಣ್ಣು ತೆಗೆದು ಒಣಗಿಸಿ. ನಡುವೆ ಪ್ಲಾಸ್ಟಿಕ್ ಅಥವಾ ರಬ್ಬರ್ ಪ್ಯಾಡ್ ಇದ್ದರೆ ಏನೂ ಹಚ್ಚಬೇಡಿ, ಸವೆದ ಪ್ಯಾಡ್ ಬದಲಿಸಿ. ಬರೀ ಉಕ್ಕಿನ ಪಾಟಾ ಆಗಿದ್ದರೆ ಸೆಟ್ ಬಿಚ್ಚಿದಾಗ ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರಿ.